ಎರಡು ಎಮ್ಮೆಗಳ ನಂತರದ ಹೆಸರು

“ಬೆವರಗೈಲೆ ಮುಟ್ಟಬ್ಯಾಡಲೇ, ಬೋಳಿಮಗನ. ಅಂಗಿಗೆ ಒರಸ್ಕೊ.”

ಹಾಲಸಿದ್ದಪ್ಪ ಕೈ ಒರೆಸಿಕೊಂಡು ಮತ್ತೆ ಚಾರ್ಟಿನ ತುದಿ ಹಿಡಿದ. ಕತಾರಿನ ಅಲ್ ಮುಂತಜಾ ಬಡಾವಣೆಯ ತನ್ನ ಫ್ಲ್ಯಾಟಿನ ಗೋಡೆಗೆ ಪ್ರಮೋದ ತಮ್ಮ ದೇಸಾಯಿ ಮನೆತನದ ವಂಶವೃಕ್ಷ ಅಂಟಿಸುತ್ತಿದ್ದ. ಕಂಪನಿಯ ಡ್ರಾಫ್ಟ್ಸ್‌ಮನ್ ಎರಡು ತಿಂಗಳು ಕೂತು ಇಂಗ್ಲಿಷಿನಲ್ಲಿ ಬರೆದದ್ದು. ಸಂಜೆ ಕನ್ನಡ ಸಂಘದವರು ಊಟಕ್ಕೆ ಬರುವವರಿದ್ದರು.

ಪ್ರಮೋದ ಲೇಬರ್ ಕ್ಯಾಂಪಿನ ಮ್ಯಾನೇಜರ್; ಹಾಲಸಿದ್ದಪ್ಪ ಅದೇ ಕ್ಯಾಂಪಿನಿಂದ ಸಿಮೆಂಟು ಹೊರಲು ಹೋಗುವವನು. ಇಬ್ಬರದೂ ಒಂದೇ ಊರು. ಹಾಗಾಗಿ ಶುಕ್ರವಾರದ ರಜೆಯಲ್ಲಿ ಇವನು ಬಂದು ಅವನ ಕಾರು ತೊಳೆಯಬೇಕು. ಇವತ್ತು ಇವನ ಜೇಬಿನಲ್ಲಿ ಊರಿಗೆ ಹೋಗುವ ಅರ್ಜಿಯಿತ್ತು. ಅವ್ವ ಹಾಸಿಗೆ ಹಿಡಿದು ಇಪ್ಪತ್ತು ದಿನ. ಪ್ರಮೋದ ಸಹಿ ಹಾಕಿದರಷ್ಟೇ ಕಂಪನಿ ಇಟ್ಟುಕೊಂಡ ಪಾಸ್‌ಪೋರ್ಟ್ ಕೈಗೆ ಬರುತ್ತದೆ.

“ಮೊದಲ ಇದನ್ನ ಓದು. ಸಹಿ ಆಮ್ಯಾಲ.”

ಪ್ರಮೋದನ ಮುತ್ತಜ್ಜ ಆಸ್ತಿ ಹಂಚಿ ಬರೆಸಿದ ಮೃತ್ಯುಪತ್ರದ ನಕಲು. ೧೯೧೧ರದ್ದು; ಧಾರವಾಡದ ಕೋರ್ಟಿನಿಂದ ತರಿಸಿದ್ದ. ಮುಂಬಯಿಯ ಇಂಗ್ಲಿಷ್ ಶಾಲೆಯಲ್ಲಿ ಕಲಿತ ದೇಸಾಯರ ಕುಡಿಗೆ ಕನ್ನಡ ಅಕ್ಷರ ಬಾರದು. ಏಳನೇ ಇಯತ್ತೆ ಮುಗಿಸಿದ ಆಳು ಓದಿ ಹೇಳಬೇಕು.

ಪ್ರಮೋದನ ಹೆಂಡತಿ ಶೈಲಾ ಚಹಾ ತಂದಳು. ಹಾಲಸಿದ್ದಪ್ಪನಿಗೂ ಗಂಡನಿಗೆ ಕೊಟ್ಟಂಥದೇ ಪಿಂಗಾಣಿ ಕಪ್ಪು.

“ಅವನ ಗ್ಲಾಸು ಬಾಲ್ಕನಿಯಾಗ ಅದ ಅಲ್ಲ?”

“ಒಡದದ,” ಎಂದಳು ಶೈಲಾ. ಒಡೆದಿರಲಿಲ್ಲ, ಬರುವಾಗ ಹಾಲಸಿದ್ದಪ್ಪ ನೋಡಿದ್ದ.

ಅವನು ಬೆರಳಿಟ್ಟು ಓದಿದ. “ಎರಡನೇ ಮಗ ಗೋವಿಂದರಾಯನ ಪಾಲಿಗೆ ಹೊಳೆಸಾಲಿನ ಹೊಲ. ಎತ್ತು ನಾಲ್ಕು. ಎಮ್ಮೆ ಎರಡು. ಜೀತದಾಳು ಯಮನವ್ವ, ಅವಳ ಕೂಸು ಹಾಲಸಿದ್ಯಾ…”

ಬೆರಳು ಆ ಹೆಸರಿನ ಮೇಲೇ ಉಳಿಯಿತು.

“ಮುಂದ ಓದಲೇ. ದನದ ಪಟ್ಟಿ ಯಾರಿಗೆ ಬೇಕಾಗೇದ? ಗೋವಿಂದರಾಯನ ಮಕ್ಕಳ ಹೆಸರ ಹುಡುಕು. ಇಲ್ಲೆ ಬರಬೇಕು,” ಎಂದು ಪ್ರಮೋದ ಚಾರ್ಟಿನ ಖಾಲಿ ಜಾಗವನ್ನು ಬಡಿದು ತೋರಿಸಿದ.

“ಈ ಕೂಸು ನಮ್ಮಜ್ಜ ರೀ. ಅವನ ಹೆಸರ ನನಗ ಇಟ್ಟಾರ.”

ಪ್ರಮೋದ ನಕ್ಕ. “ಕೇಳಿದಿ ಏನ ಶೈಲಾ? ಮೂರು ತಲಿ ಆತು, ಕತಾರಕ್ಕ ಬಂದ್ರೂ ನಮ್ಮ ಪಾಲಿಗೇ ಅದಾನ. ಇಂಥಾ ತಳಿ ಈಗ ಸಿಗೂದಿಲ್ಲ.”

ಶೈಲಾ ನಗಲಿಲ್ಲ. ಹಾಲಸಿದ್ದಪ್ಪ ಕಾಗದ ಕೆಳಗಿಟ್ಟ. ಮೇಜಿನ ಮೇಲಿದ್ದ ಕರಿ ಮಾರ್ಕರ್ ತೆಗೆದುಕೊಂಡು ಆ ಖಾಲಿ ಜಾಗದಲ್ಲಿ ಕನ್ನಡದ ದಪ್ಪ ಅಕ್ಷರಗಳಲ್ಲಿ ಬರೆಯತೊಡಗಿದ: ಎಮ್ಮೆ ಎರಡು, ಜೀತದಾಳು ಯಮನವ್ವ, ಅವಳ ಕೂಸು…

“ಏ ಹಲ್ಕಟ್, ಏನ ಬರಿಯಾಕತ್ತಿ? ನಿನ್ನ ರಜಾ ಖಲಾಸ್. ನಿಮ್ಮವ್ವ ಅಲ್ಲೇ ಸಾಯ್ಲಿ.”

ಕೈ ಒಂದು ಗಳಿಗೆ ನಿಂತಿತು. ಅವ್ವನ ಮುಖ ಕಣ್ಣೆದುರು ಬಂದು ಹೋಯಿತು. ಕೈ ಮತ್ತೆ ಓಡಿತು.

ಬರೆದು ಮುಗಿಸಿ ಹಾಲಸಿದ್ದಪ್ಪ ಸೋಫಾದ ಮೇಲೆ ಕುಳಿತ. ಪಿಂಗಾಣಿ ಕಪ್ಪೆತ್ತಿ ಆರಿದ ಚಹಾ ಕುಡಿದ.

“ನಿಮಗ ಓದಾಕ ಬರೂದಿಲ್ಲಲ್ರೀ,” ಎಂದ. “ಸಂಜೀಕ ಸಂಘದವ್ರು ಓದಿ ಹೇಳ್ತಾರ ತಗೋರಿ.”