ಒಳಕ್ಕೆ ವಾಲಿದ ಚಕ್ರ

ಮತ್ತಿಗಿರಿಯ ಮುನಿಶಾಮಪ್ಪನ ಕೈಯಿಂದ ಹೊರಟ ಗಾಡಿ ದಾರಿ ತಪ್ಪುವುದಿಲ್ಲ ಎಂಬ ಮಾತು ಹೊಸೂರು ಬಸ್ ಸ್ಟ್ಯಾಂಡಿನವರೆಗೂ ಹಬ್ಬಿತ್ತು. ಸ್ಟೇರಿಂಗಿನಿಂದ ಕೈ ತೆಗೆದರೂ ಕಾರು ತನ್ನ ಪಾಡಿಗೆ ತಾನು, ಗುಡಿಗೆ ಹೊರಟ ಮುದುಕಿಯ ಹಾಗೆ ಅತ್ತಿತ್ತ ನೋಡದೆ ಸಾಗುತ್ತದೆ ಎಂದು ಟ್ಯಾಕ್ಸಿಯವರು ಹೇಳುತ್ತಿದ್ದರು. ವೀಲ್ ಅಲೈನ್‌ಮೆಂಟ್ ಮಿಷನ್ನಿನ ಮೇಲೆ ಮುನೇಶ್ವರನ ಪಟ ತೂಗುಹಾಕಿ, ಕರ್ಪೂರ ಹಚ್ಚದೆ ಬೋಲ್ಟು ತಿರುಗಿಸುವ ಪಾನಾ ಮುಟ್ಟದ ಮನುಷ್ಯ ಅವನು. ಚಕ್ರ ನೆಟ್ಟಗೆ ನಿಂತರೆ ಓಡಿಸುವವನ ಮನಸ್ಸೂ ನೆಟ್ಟಗೆ ನಿಲ್ಲುತ್ತದೆ ಎಂದು ಅವನು ನಿಜಕ್ಕೂ ನಂಬಿದ್ದ.

ಅಂಥವನ ಅಂಗಡಿಗೆ ಸಿಂಚನಾ ರೇಸಿನ ಕಾರು ತಂದಳು.

ಸಿಂಚನಾ ಬೇರೆ ಯಾರೂ ಅಲ್ಲ, ಅವನ ಮಾಳಿಗೆಮನೆಯಲ್ಲಿ ಬಾಡಿಗೆಗಿದ್ದ ಚನ್ನಕೇಶವನ ಮಗಳು. ಚನ್ನರಾಯಪಟ್ಟಣದ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದವರು. ಲಂಗ ತೊಡುವ ವಯಸ್ಸಿನಿಂದ ಈ ಅಂಗಡಿಯ ಟೈರುಗಳ ಮೇಲೆ ಹತ್ತಿ ಇಳಿದು ಬೆಳೆದ ಹುಡುಗಿ ಈಗ ತಾನೂ ಒಂದು ಫ್ಯಾಕ್ಟರಿಯಲ್ಲಿ ಇಂಜಿನಿಯರು. ಅಲ್ಲಿಯವರೆಲ್ಲ ಸೇರಿ ಹಳೆಯ ಚಿಕ್ಕ ಕಾರೊಂದನ್ನು ರೇಸಿಗೆಂದು ಸಜ್ಜು ಮಾಡಿದ್ದರು. ಓಡಿಸುವ ಸೀಟು ಒಂದೇ, ಆಸೆಪಟ್ಟವರು ಇಬ್ಬರು, ಸಿಂಚನಾ ಮತ್ತು ಮೋಹನ್. ಭಾನುವಾರ ಶೂಲಗಿರಿ ಆಚೆಯ ಹೊಸ ಟ್ರ್ಯಾಕಿನಲ್ಲಿ ಇಬ್ಬರೂ ಎರಡೆರಡು ಸಲ ಓಡಿಸಬೇಕು, ಚೆನ್ನಾಗಿ ಓಡಿಸಿದವರಿಗೆ ವರ್ಷವಿಡೀ ಸೀಟು ಎಂದು ತಂಡದ ಹಿರಿಯ ಮೂರ್ತಿ ಹೇಳಿಬಿಟ್ಟಿದ್ದ. ಮೋಹನನ ಬಳಿ ಅಣ್ಣನ ಕಾರಿತ್ತು, ಅದರಲ್ಲಿ ಓಡಿಸುತ್ತಾನೆ. ಇವಳಿಗೆ ತಂಡದ ಈ ಕಾರೇ ಗತಿ.

"ಮಾವ, ಮುಂದಿನ ಎರಡೂ ಚಕ್ರದ ತಲೆ ಒಳಕ್ಕೆ ವಾಲಬೇಕು. ಮೂರು ಡಿಗ್ರಿ," ಎಂದಳು.

"ಮೂರಾ? ಒಂದು ದಾಟಿದ್ರೇನೇ ನನ್ನ ಮಿಷನ್ನು ಕೆಂಪಗೆ ಕಣ್ ಬುಡ್ತದೆ ಕಣವ್ವ."

"ಬಿಡ್ಲಿ ಬಿಡಿ, ಅದು ರೋಡಿನ ಲೆಕ್ಕ. ನೋಡಿ," ಎಂದು ಅಂಗೈಯನ್ನು ಮೇಜಿನ ಮೇಲೆ ಕತ್ತಿಯಂತೆ ನಿಲ್ಲಿಸಿದಳು. "ತಿರುವಿನಲ್ಲಿ ಗಾಡಿ ಮೈ ಹೊರಕ್ಕೆ ಬೀಳುತ್ತಲ್ವಾ, ಹೊರಗಡೆ ಚಕ್ರಾನೂ ಹಿಂಗೆ ಮಗುಚುತ್ತೆ. ಟೈರು ಅಂಚಿನ ಮೇಲೆ ನಿಲ್ಲುತ್ತೆ, ಹಿಡಿತ ಹೋಗುತ್ತೆ. ಮೊದಲೇ ಒಳಕ್ಕೆ ವಾಲಿಸಿಟ್ರೆ ಆ ಹೊತ್ತಿಗೆ ಅಗಲವಾಗಿ ನೆಲಕ್ಕೆ ಕೂರುತ್ತೆ. ಚಕ್ರದ ಮುಂದಿನ ಮೂತಿ ಒಂಚೂರು ಹೊರಕ್ಕೆ ನೋಡ್ತಿರಲಿ, ತಿರುಗು ಅಂದ ತಕ್ಷಣ ತಿರುಗುತ್ತೆ. ಸೈಕಲ್ ಫೋರ್ಕು ಹಿಂದಕ್ಕೆ ಒರಗಿರುತ್ತಲ್ಲ, ಹಂಗೆ ಇದಕ್ಕಿರೋ ಕೋನ ಸರಿಯಾಗಿದೆ. ಅದನ್ನ ಮುಟ್ಟಬೇಡಿ."

"ಒಳಕ್ಕೆ ವಾಲ್ಬೇಕು, ಹೊರಕ್ಕೆ ನೋಡ್ಬೇಕು, ಹಿಂದಕ್ಕೆ ಒರಗ್ಬೇಕು. ಇದೇನು ಗಾಡಿನಾ, ಕುಡ್ಕಂಡು ಮನೆಗ್ ಬರೋ ನಮ್ಮ ಬೀದಿ ವೆಂಕಿನಾ?"

ಅವಳು ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ಅವಳು ಹೇಳಿದ ಹಾಗೆಯೇ ಕೋನ ಕೂರಿಸಿದ. ಮಿಷನ್ನಿನ ಪರದೆ ಕೆಂಪಾಯಿತು. ಅವಳು ಬಗ್ಗಿ ನೋಡಿ ಹೆಬ್ಬೆರಳೆತ್ತಿ, "ಬೆಳಿಗ್ಗೆ ಬತ್ತೀನಿ ಮಾವ," ಎಂದು ಅವನ ಮಾತನ್ನೇ ಅಣಕಿಸಿ ಶಿಫ್ಟಿಗೆ ಹೋದಳು.

ಇಷ್ಟಕ್ಕೇ ನಿಂತಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನ ಹೆಂಡತಿ ಶ್ಯಾಮಲಮ್ಮ ಆರತಿ ತಟ್ಟೆ ಹಿಡಿದು ಬಂದಳು. ಹೊಸ ಕೆಲಸಕ್ಕೆ ಹೊರಡುವ ಗಾಡಿಗೆ ಪೂಜೆ ಮಾಡದೆ ಕಳಿಸುವ ಪದ್ಧತಿ ಆ ಅಂಗಡಿಯಲ್ಲಿ ಇರಲಿಲ್ಲ. ರಂಗೋಲಿ ಹಾಕಲು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತವಳು ಹಾಗೇ ತಲೆ ಓರೆ ಮಾಡಿದಳು.

"ಏನ್ರೀ ಇದು, ಮುಂಗಾಲು ಎಲ್ಡೂ ಸೊಟ್ಟ?"

"ಅದು ಹಂಗೇ ಇರ್ಬೇಕಂತೆ. ಹುಡುಗಿ ಹೇಳವ್ಳೆ."

"ಊನ ಇರೋದಕ್ಕೆ ಆರತಿ ಎತ್ತಾರಾ? ಮುಕ್ಕಾದ ವಿಗ್ರಹನೇ ನೀರಿಗೆ ಬುಡ್ತೀವಿ. ಆಯುಧಪೂಜೆ ದಿನ ಹಿಡಿ ಮುರ್ದಿರೋ ಸುತ್ತಿಗೇನ ಆಚೆ ಇಡೋರು ನೀವೇ ಅಲ್ವಾ? ಹೆಣ್ಮಗ ಒಳಗೆ ಕುಂತ್ಕಂಡು ಓಡ್ಸೋ ಗಾಡಿ. ನನ್ ಕೈಲಾಗಲ್ಲಪ್ಪ."

ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ನಿಂತುಬಿಟ್ಟಳು. ಮುನಿಶಾಮಪ್ಪ ಕಾರಿನ ಎದುರಿಗೆ ಹೋಗಿ ನೋಡಿದ. ಹೆಂಡತಿ ಹೇಳಿದ್ದು ಕಣ್ಣಿಗೆ ಅಂಟಿಕೊಂಡಿತು. ಸೊಟ್ಟಗಾಲಿನ ಕರು ನಿಂತಂತೆ ನಿಂತಿತ್ತು. ಮುಕ್ಕಿಗೆ ಪೂಜೆ ಸಲ್ಲದು ಎಂದು ಅವನ ಅಪ್ಪ ಹೇಳಿಕೊಟ್ಟಿದ್ದು ನೆನಪಾಯಿತು. ಆದರೆ ಅದರ ಅಡಿಯಲ್ಲಿ ಇನ್ನೊಂದು ಮಾತೂ ಇತ್ತು, ಅದನ್ನು ಅವನು ಆಗ ತಿರುಗಿ ನೋಡಲಿಲ್ಲ. ನಾಳೆ ಶೂಲಗಿರಿಯಲ್ಲಿ ಅಷ್ಟು ಜನ ಸೇರುತ್ತಾರೆ. ಇದು ಮತ್ತಿಗಿರಿ ಮುನಿಶಾಮಪ್ಪನ ಕೆಲಸವಂತೆ ನೋಡ್ರಲಾ ಎಂದು ನಕ್ಕರೆ?

ಪಾನಾ ತೆಗೆದ. ಬೋಲ್ಟು ಸಡಿಲಿಸಿ ಎರಡೂ ಚಕ್ರಗಳನ್ನು ನೆಟ್ಟಗೆ ನಿಲ್ಲಿಸಿದ, ಮೂತಿಯನ್ನೂ ಸರಿಯಾಗಿ ಮುಂದಕ್ಕೆ ತಿರುಗಿಸಿದ. ಪರದೆ ಹಸಿರಾಯಿತು. ಮನಸ್ಸೂ ತಣ್ಣಗಾದಂತಾಯಿತು. ಶ್ಯಾಮಲಮ್ಮ ಆರತಿ ಎತ್ತಿದಳು, ಕುಂಕುಮ ಇಟ್ಟಳು.

ಪೂಜೆಯಾದ ಮೇಲೆ ಗಾಡಿ ಓಡುವ ತನಕ ಅದಕ್ಕೆ ಕಬ್ಬಿಣ ಮುಟ್ಟಿಸಬಾರದು. ಅದೂ ಅವರ ಕಟ್ಟಳೆಯೇ. ಬೆಳಿಗ್ಗೆ ಅವಳಿಗೆ ಹೇಳಿದರಾಯಿತು ಅಂದುಕೊಂಡ. ನೆಟ್ಟಗಿರುವ ಗಾಡಿ ಇನ್ನೂ ಚೆನ್ನಾಗಿಯೇ ಹೋದೀತು, ಹುಡುಗಿಗೇನು ಗೊತ್ತು ಎಂದೂ ಅಂದುಕೊಂಡ.

ಬೆಳಿಗ್ಗೆ ಹೇಳಲಿಲ್ಲ. ಸಿಂಚನಾ ಮೆಟ್ಟಿಲಿಳಿದು ಬರುವ ಮೊದಲೇ ಕಾರನ್ನು ಟ್ರಕ್ಕಿಗೆ ಏರಿಸಿ, ಧೂಳು ಕೂರುತ್ತದೆಂದು ಟಾರ್ಪಾಲು ಹೊದಿಸಿ ಕಟ್ಟಿದ್ದ. ಧೂಳಿಗಾಗಿ ಹೊದಿಸಿದೆನೋ, ಅವಳ ಕಣ್ಣಿಗೆ ಬೀಳದಿರಲೆಂದು ಹೊದಿಸಿದೆನೋ ಎಂದು ಅವನ ಒಳಗಿನವನು ಕೇಳಿದ. ಅವನು ಹಗ್ಗ ಬಿಗಿದ.

ಶೂಲಗಿರಿ ಸೇತುವೆಯ ಹತ್ತಿರ ಕಂಟೈನರ್ ಲಾರಿಯೊಂದು ಕೆಟ್ಟು ನಿಂತು ಹೊತ್ತಾಯಿತು. ಟ್ರ್ಯಾಕಿಗೆ ಮುಟ್ಟುವಷ್ಟರಲ್ಲಿ ಅವಳ ಹೆಸರು ಕೂಗುತ್ತಿದ್ದರು. ಕಾರು ಇಳಿಸಿದ ಕೂಡಲೇ, ಚಕ್ರದ ಕಡೆ ಬಗ್ಗಿಯೂ ನೋಡದೆ ಹೆಲ್ಮೆಟ್ಟು ಸಿಕ್ಕಿಸಿಕೊಂಡು, ಅಪ್ಪನ ಕಾಲು ಮುಟ್ಟಿ, ಮುನಿಶಾಮಪ್ಪನ ಕಾಲನ್ನೂ ಮುಟ್ಟಿ ಓಡಿದಳು. ಆಗಲೂ ಅವನ ಬಾಯಿಗೆ ಮಾತು ಬರಲಿಲ್ಲ.

ಮೊದಲ ತಿರುವು ಹೇಗೋ ಕಳೆಯಿತು. ಎರಡನೆಯದು ಬಂಡೆಯ ಪಕ್ಕದ ಉದ್ದನೆಯ ಬಲತಿರುವು. ಕಾರು ಒಳಕ್ಕೆ ತಿರುಗುವ ಬದಲು ಮುಂದಕ್ಕೇ ಜಾರಿತು. ಚಕ್ರ ಬಲಕ್ಕೆ ತಿರುಗಿರುವುದು ಇವರು ನಿಂತಲ್ಲಿಂದಲೇ ಕಾಣುತ್ತಿತ್ತು, ಗಾಡಿ ಮಾತ್ರ ಕೇಳಲಿಲ್ಲ. ಟೈರು ಕೀರಲು ದನಿಯಲ್ಲಿ ಅರಚಿತು. ಕಾರು ಅಂಚು ದಾಟಿ, ಕೆಂಪು ಮಣ್ಣೆಬ್ಬಿಸಿ, ಪೇರಿಸಿಟ್ಟ ಹಳೇ ಟೈರುಗಳ ಹತ್ತಿರ ಹೋಗಿ ನಿಂತಿತು. ಅವಳಿಗೆ ಏನೂ ಆಗಿರಲಿಲ್ಲ.

"ಅಯ್ಯಯ್ಯೋ, ಏನಮ್ಮಾ ಇದು! ಹೆದ್ರಿಬಿಟ್ಳು," ಎಂದ ಮೂರ್ತಿ, ತಲೆಯ ಮೇಲೆ ಕೈಯಿಟ್ಟು.

"ಅಷ್ಟು ಸ್ಪೀಡಲ್ಲಿ ತಿರುವಿಗೆ ಬಂದ್ರೆ ಇನ್ನೇನಾಗುತ್ತೆ ಸಾರ್," ಎಂದ ಮೋಹನ್. "ಮನೆ ಅಂಗಳದಲ್ಲಿ ಸ್ಕೂಟಿ ಓಡಿಸೋ ಹಂಗಲ್ಲ ಇದು."

ಸುತ್ತಲಿನವರು ನಕ್ಕರು. ಚನ್ನಕೇಶವ ಮಾತ್ರ ಯಾರ ಮುಖವನ್ನೂ ನೋಡದೆ ಅಂಗಿಯ ಗುಂಡಿಯನ್ನು ತಿರುವುತ್ತಿದ್ದ. ನಕ್ಕರೆ ಎಂದು ತಾನು ಅಂಜಿದ್ದ ನಗು ಇದೇ, ತನ್ನನ್ನು ಬಿಟ್ಟು ಆ ಮಗುವಿನ ಮೇಲೆ ಬಿತ್ತು ಎಂದು ಮುನಿಶಾಮಪ್ಪನಿಗೆ ಹೊಳೆಯಿತು.

ಕಾರು ವಾಪಸು ಬಂತು. ಸಿಂಚನಾ ಹೆಲ್ಮೆಟ್ಟು ತೆಗೆದಳು. ಮೂರ್ತಿಯ ಮುಂದೆ ನಿಂತು, "ತಪ್ಪು ನಂದೇ ಸಾರ್. ಬ್ರೇಕು ತಡವಾಗಿ ಹಾಕ್ದೆ ಅನ್ಸುತ್ತೆ," ಎಂದಳು.

"ಇನ್ನೊಂದು ಓಟ ಇದೆ. ಬೇಡ ಅಂದ್ರೆ ಬಿಡಮ್ಮಾ, ಬಲವಂತ ಇಲ್ಲ. ಮೋಹನ್ ನೋಡ್ಕೋತಾನೆ," ಎಂದ ಮೂರ್ತಿ. ಕರುಣೆಯಿಂದಲೇ ಅಂದ. ಆ ಕರುಣೆ ನಗುವಿಗಿಂತ ಹೆಚ್ಚು ಕುಟುಕಿತು.

ಅವಳು ಹೋಗಿ ಮುಂದಿನ ಎಡ ಟೈರಿನ ಮೇಲೆ ಅಂಗೈಯಿಟ್ಟಳು. "ಹೊರ ಅಂಚು ಸುಡ್ತಿದೆ ಮಾವ, ರಬ್ಬರು ಕಿತ್ತುಬಂದಿದೆ. ಒಳಗಡೆ ತಣ್ಣಗೆ. ಹಿಂಗಾಗಬಾರದಿತ್ತಲ್ಲ." ಅವನ ಕಡೆ ನೋಡಿದಳು. ಅನುಮಾನದ ಕಣ್ಣಲ್ಲ ಅದು, ಗೊತ್ತಿದ್ದವರನ್ನು ಕೇಳುವ ಕಣ್ಣು. "ನಾನು ಅಷ್ಟು ಕೆಟ್ಟದಾಗಿ ತಿರುಗಿಸಿದ್ನಾ?"

ಮುನಿಶಾಮಪ್ಪ ನೀರಿನ ನಲ್ಲಿಯ ಕಡೆ ಹೋದ. ನೀರು ಕುಡಿದ. ಮುಖಕ್ಕೆ ನೀರು ಹಾಕಿಕೊಂಡ. ಮನೆಯಲ್ಲಾದರೆ ಈ ಹೊತ್ತಿಗೆ ಮುನೇಶ್ವರನ ಮುಂದೆ ಕೂತು ಕಣ್ಣು ಮುಚ್ಚುತ್ತಿದ್ದ. ಇಲ್ಲಿಯೂ ಮುಚ್ಚಿದ. ಪಟದ ಮುಖ ಬರಲಿಲ್ಲ, ಹುಡುಗಿ ತನ್ನ ಕಾಲು ಮುಟ್ಟಲು ಬಗ್ಗಿದ್ದು ಬಂತು. ದೇವರ ಹೆಸರಿನ ಹಿಂದೆ ಇನ್ನೆಷ್ಟು ಹೊತ್ತು ನಿಂತಿರಲಿ ಎಂದು ತನ್ನನ್ನೇ ಕೇಳಿಕೊಂಡು, ಹೆಗಲ ಟವಲಿನಿಂದ ಮುಖ ಒರೆಸದೆಯೇ ತಿರುಗಿ ಬಂದ.

"ಮೂರ್ತಿ ಸಾರ್. ಚನ್ನಕೇಶವಣ್ಣ. ಹುಡುಗಿ ತಪ್ಪೇನಿಲ್ಲ. ಅವ್ಳು ಹೇಳಿದ್ ಕೋನ ನಾನು ಕೂರಿಸ್ದೆ, ಆಮೇಕೆ ಅವ್ಳಿಗೆ ಒಂದ್ ಮಾತೂ ತಿಳಿಸ್ದೇನೇ ನೆಟ್ಟಗೆ ಮಾಡ್ಬುಟ್ಟೆ. ಪೂಜೆ ಮಾಡ್ಬೇಕಿತ್ತು, ಸೊಟ್ಟ ಗಾಡಿಗೆ ಆರತಿ ಎತ್ತಬಾರ್ದು ಅಂತ." ಮಾತು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಪೂಜೆ ಒಂದೇ ಅಲ್ಲ. ಸೊಟ್ಟ ಚಕ್ರ ನೋಡಿ ಜನ ನನ್ನ ನಗ್ತಾರೆ ಅಂತಾನೂ ಇತ್ತು. ಅವ್ಳಿಗೆ ಕಾಣ್ಬಾರ್ದು ಅಂತ ಟಾರ್ಪಾಲು ಹೊದಿಸ್ದೋನೂ ನಾನೇಯ."

ಚನ್ನಕೇಶವ ಅಂಗಿಯ ಗುಂಡಿಯಿಂದ ಕೈ ತೆಗೆದು ಮುಂದೆ ಬಂದ.

"ಮುನಿಶಾಮಣ್ಣ, ಗಾಡಿ ಮಗುಚಿದ್ರೆ ಏನ್ರೀ ಮಾಡ್ತಿದ್ರಿ? ಆರತಿ ತಟ್ಟೆ ಹಿಡ್ಕೊಂಡು ಆಸ್ಪತ್ರೆಗೆ ಬರ್ತಿದ್ರಾ?"

ಮುನಿಶಾಮಪ್ಪ ತಲೆ ತಗ್ಗಿಸಿ ನಿಂತ. ಹೊಡೆದಿದ್ದರೂ ನಿಂತಿರುತ್ತಿದ್ದ.

ಸಿಂಚನಾ ಮಾತ್ರ ಕಾರಿನ ಎದುರಿಗೆ ಕುಕ್ಕರಿಸಿ ಚಕ್ರಗಳನ್ನು ನೋಡುತ್ತಿದ್ದಳು, ನಿನ್ನೆ ಶ್ಯಾಮಲಮ್ಮ ನೋಡಿದ್ದ ಜಾಗದಿಂದಲೇ. ಎದ್ದಾಗ ಅವಳ ಕಣ್ಣು ತುಂಬಿತ್ತು.

"ನಾನು ನನ್ನ ಕೈನೇ ಬೈಕೊಂಡೆ ಮಾವ," ಎಂದಳು. ಅಷ್ಟೇ. ಆಮೇಲೆ ಮೂರ್ತಿಯ ಕಡೆ ತಿರುಗಿ, "ಸಾರ್, ಎರಡನೇ ಓಟಕ್ಕೆ ಹೊತ್ತಿದೆ. ದಾರ ಬೇಕು, ಜಾಕ್ ಬೇಕು," ಎಂದಳು.

ಮುನಿಶಾಮಪ್ಪ ರೂಢಿಯಂತೆ ಪಾನಾಕ್ಕೆ ಕೈ ಚಾಚಿದ.

"ಬೇಡ. ನೀವು ಜಾಕ್ ಹೊಡೀರಿ ಸಾಕು."

ಅವನು ಜಾಕ್ ಹೊಡೆದ. ಅವಳು ಮಲಗಿ ಬೋಲ್ಟು ಸಡಿಲಿಸಿದಳು, ಚಕ್ರದ ತಲೆಯನ್ನು ಒಳಕ್ಕೆ ತಳ್ಳಿ ಬಿಗಿದಳು, ಫೋನಿನ ಕೋನಮಾಪಕವನ್ನು ರಿಮ್ಮಿಗೆ ಒತ್ತಿ ಹಿಡಿದು ನೋಡಿದಳು. ತಲೆ ಸರಿದರೆ ಮೂತಿಯೂ ಸರಿಯುತ್ತದೆ. ಅದಕ್ಕೆ ಕಾರಿನ ಎರಡೂ ಬದಿಗೆ ದಾರ ಎಳೆದು ಕಟ್ಟಿ, ದಾರಕ್ಕೂ ರಿಮ್ಮಿಗೂ ನಡುವಿನ ಅಂತರ ಅಳೆದು ಮೂತಿಯನ್ನು ಒಂಚೂರು ಹೊರಕ್ಕೆ ತಿರುಗಿಸಿದಳು. ದಾರದ ತುದಿ ಹಿಡಿಯಲು ಬಂದವನು ಮೋಹನ್. ಮುನಿಶಾಮಪ್ಪ ಜಾಕಿನ ಹಿಡಿ ಹಿಡಿದು, ಇಳಿಸು ಅಂದರೆ ಇಳಿಸುತ್ತಾ, ಏರಿಸು ಅಂದರೆ ಏರಿಸುತ್ತಾ ಕೂತಿದ್ದ.

ಎರಡನೆಯ ಓಟದಲ್ಲಿ ಅವನು ಬಂಡೆಯ ತಿರುವಿನ ಬೇಲಿಗೇ ಹೋಗಿ ನಿಂತ. ನೋಡಲು ಧೈರ್ಯವಿರಲಿಲ್ಲ, ನೋಡದಿರಲು ಹಕ್ಕಿರಲಿಲ್ಲ. ಕಾರು ಬಂತು. ಮೈ ಎಡಕ್ಕೆ ವಾಲಿತು. ನಿಂತಾಗ ಸೊಟ್ಟಗೆ ಕಂಡಿದ್ದ ಎಡಚಕ್ರ ಆ ಭಾರ ಬಿದ್ದ ಗಳಿಗೆಯಲ್ಲಿ ನೆಟ್ಟಗಾಯಿತು. ಅಂಗಾಲು ಪೂರ್ತಿ ಊರಿದ ಹಾಗೆ ನೆಲಕ್ಕೆ ಕೂತು, ಅರಚದೆ, ಗಾಡಿಯನ್ನು ಬಂಡೆಯ ಮಗ್ಗುಲಿಗೇ ಎಳೆದುಕೊಂಡು ಹೋಯಿತು. ಅವನು ಇಷ್ಟು ಕಾಲ ನಿಂತ ಚಕ್ರಗಳನ್ನು ಮಾತ್ರ ನೋಡಿದ್ದ. ಮತ್ತೆ ಮತ್ತೆ ಬಂದಳು. ಪ್ರತಿ ಸಲವೂ ಅದೇ ಗೆರೆ. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಪ್ರತಿ ಸುತ್ತೂ ಬೆಳಗಿನ ಆ ಕೆಂಪು ಮಣ್ಣನ್ನು ಅವನ ಮುಖಕ್ಕೆ ಎರಚಿಯೇ ಹೋಯಿತು.

ಮೋಹನನಿಗಿಂತ ಅವಳ ಓಟ ಬೇಗ ಮುಗಿಯಿತು. ಮೂರ್ತಿ ಎಲ್ಲರ ಎದುರಿಗೆ, "ಸೀಟು ಸಿಂಚನಾದು, ಮೊದಲನೇ ಓಟ ಲೆಕ್ಕಕ್ಕಿಲ್ಲ," ಎಂದ. ಫೋಟೋಗೆ ನಿಂತರು. "ಬನ್ನಿ ಮೇಸ್ತ್ರಿ, ನೀವೂ ಬನ್ನಿ," ಎಂದು ಯಾರೋ ಕರೆದರು.

"ಗಾಡಿ ಕಟ್ತಾ ಇವ್ನಿ," ಎಂದ ಅವನು, ಟ್ರಕ್ಕಿನ ಮೇಲೆ ಬಗ್ಗಿಕೊಂಡೇ. ಕಟ್ಟಿದ ಹಗ್ಗವನ್ನೇ ಬಿಚ್ಚಿ ಇನ್ನೊಮ್ಮೆ ಕಟ್ಟಿದ.

ಸಿಂಚನಾ ಅಲ್ಲಿಗೇ ಬಂದಳು.

"ಮಾವ, ಇನ್ಮೇಲೆ ಈ ಗಾಡೀನ ನಿಮ್ಮ ಅಂಗಡಿಗೆ ತರಲ್ಲ." ಸಿಟ್ಟಿನಿಂದ ಅಂದದ್ದಲ್ಲ. ಯೋಚಿಸಿ ಅಂದದ್ದು.

"ತರ್ಬೇಡ ಕಣವ್ವ. ಸರಿಯಾಗ್ ಹೇಳ್ದೆ."

"ಆರತಿ ಎತ್ತೋರು ಅತ್ತೆ ಅಲ್ವಾ, ಅವ್ರಿಗೆ ಏನೂ ಅನ್ಬೇಡಿ. ನನ್ನ ಒಳ್ಳೇದಕ್ಕೇ ಅಂದಿರ್ತಾರೆ."

"ಅವ್ಳು ಕೇಳಿದ್ಲು ಅಷ್ಟೇ. ಪಾನಾ ಹಿಡಿದೋನು ನಾನು."

ಹೊರಡುವ ಹೊತ್ತಾಯಿತು. ಟ್ರಕ್ಕಿನಲ್ಲಿ ಡ್ರೈವರನ ಪಕ್ಕ ಸಿಂಚನಾ, ಅವಳ ಪಕ್ಕ ಚನ್ನಕೇಶವ ಕೂತಿದ್ದರು. ಮುನಿಶಾಮಪ್ಪ ಹಿಂದೆ ಕಾರಿನ ಜೊತೆ ಕೂರುತ್ತೇನೆಂದು ಹೊರಟಾಗ ಚನ್ನಕೇಶವ ಬಾಗಿಲು ತೆಗೆದು, ಮುಖ ನೋಡದೆ, ಒಂದು ಗೇಣು ಒಳಗೆ ಸರಿದ. ಅವನು ಹತ್ತಿ ಅಷ್ಟು ಜಾಗದಲ್ಲೇ ಮುದುಡಿ ಕೂತ. ಮತ್ತಿಗಿರಿ ಬರುವ ತನಕ ಆ ಮನುಷ್ಯನ ಮೈಗೆ ಮೈ ತಾಗುತ್ತಲೇ ಇತ್ತು.