ಚಿರತೆ ತಾತನ ರೈಫಲ್

ಆ ಮನೆಯಲ್ಲಿ ಅವನನ್ನು ಕರೆಯುತ್ತಿದ್ದುದೇ ಪುಕ್ಕಲ ಎಂದು. ವಯಸ್ಸು ಐವತ್ತೆರಡಾಗಿ, ಮಗಳು ಕಾಲೇಜು ಮೆಟ್ಟಿಲು ಹತ್ತಿದ್ದರೂ ಪುಕ್ಕಲನೇ. ಅಚ್ಚುಕೂಟದಲ್ಲಿ ಅವನದು ಕರಡು ತಿದ್ದುವ ಕೆಲಸ. ಒಂದು ದೀರ್ಘ ತಪ್ಪಿದರೂ ದೊಡ್ಡ ದೊಡ್ಡ ಲೇಖಕರನ್ನೇ ತರಾಟೆಗೆ ತೆಗೆದುಕೊಳ್ಳುವ ಈ ಮಹಾಶಯ, ಮನೆಯಲ್ಲಿ ಹಲ್ಲಿ ಕಂಡರೆ ಬಚ್ಚಲಿಗೇ ಹೋಗುತ್ತಿರಲಿಲ್ಲ. ಹಲ್ಲಿಗೆ ಹೆದರುವವರು ಊರ ತುಂಬ ಇದ್ದಾರೆ ಬಿಡಿ. ಆದರೆ ಇವನ ತಾತ ಚಿರತೆ ಹೊಡೆದವರು!

ಅದರ ತೊಗಲು ನಡುಮನೆಯ ಗೋಡೆಯ ಮೇಲಿತ್ತು. ಬಂದವರೆಲ್ಲ ಅದರ ಎದೆಯ ತೂತಿಗೆ ಬೆರಳಿಟ್ಟು ನೋಡಲೇಬೇಕು, ಬೆರಳಿಟ್ಟವರಿಗೆ ಚಿಕ್ಕಪ್ಪ ಕಥೆ ಹೇಳಲೇಬೇಕು. ಅರವತ್ತು ವರ್ಷ ಬೆರಳಾಡಿ ತೂತೂ ಹಿಗ್ಗಿತ್ತು, ಕಥೆಯೂ ಹಿಗ್ಗಿತ್ತು. "ಒಂದೇ ಗುಂಡು! ನಾನು ಪಕ್ಕದಲ್ಲೇ ನಿಂತಿದ್ದೆ" ಎಂದು ತೊಡೆ ತಟ್ಟಿದ ಮೇಲೆ ಚಿಕ್ಕಪ್ಪ ಪುಕ್ಕಲನ ಕಡೆ ತಿರುಗಿ, "ಇವನೂ ಅದೇ ವಂಶ ಅಂದ್ರೆ ನಂಬ್ತೀರಾ?" ಎನ್ನುತ್ತಿದ್ದರು. ಇತ್ತೀಚೆಗೆ ಮಗಳೂ ಜೊತೆಗೆ ನಗತೊಡಗಿದ್ದಳು. ಅವನ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೆ.

ತಾತ ಚಿರತೆ ಹೊಡೆದ ರೈಫಲನ್ನು ಎಂದೋ ಸರ್ಕಾರಕ್ಕೆ ಒಪ್ಪಿಸಿಯಾಯಿತು ಎಂದು ಚಿಕ್ಕಪ್ಪ ಹೇಳಿದ್ದರು. ನೀರಿನ ಪೈಪು ಸೋರುತ್ತದೆಂದು ಅಟ್ಟ ಹತ್ತಿದಾಗ ಅದು ಹಲಗೆಗಳ ಹಿಂದೆ, ಹರಿದ ಕಂಬಳಿಯಲ್ಲಿ ಸುತ್ತಿಕೊಂಡು ಸಿಕ್ಕಿತು. ಪುಕ್ಕಲ ಪುಕ್ಕಲನಾದ್ದರಿಂದ ಮೊದಲು ಪೊಲೀಸ್ ಠಾಣೆಗೆ ಹೋಗಿ ಅರ್ಜಿ ಕೊಟ್ಟು, ಕಾಗದಪತ್ರ ಸರಿಮಾಡಿಸಿಕೊಂಡು, ಆಮೇಲೆ ಬಂದೂಕು ರಿಪೇರಿಯವನ ಬಳಿ ಒಯ್ದ.

ಮುದುಕ ರಿಪೇರಿಯವನು ಕೈಯೊರೆಸಿಕೊಂಡೇ ಅದನ್ನು ಮುಟ್ಟಿದ. ಹಿಡಿಯ ಮರದ ಮೇಲೆ ಕೂಸಿನ ಬೆನ್ನು ಸವರಿದಂತೆ ಕೈಯಾಡಿಸಿದ. "ಈ ಎಳೆ ನೋಡಿ ಸ್ವಾಮಿ. ಇಂಥ ಮರ ಈಗೆಲ್ಲಿ ಬರ್ಬೇಕು? ಈ ತಿರುಪುಗಳನ್ನ ಯಾರೂ ಬಿಚ್ಚೇ ಇಲ್ಲ." ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇಣುಕಿದವನು ಒಳಗೆ ಕಡ್ಡಿ ತೂರಿಸಿ, ತುದಿಗೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿದ.

"ಇದರಲ್ಲಿ ನಮ್ಮ ತಾತ ಚಿರತೆ ಹೊಡೆದಿದ್ದಾರೆ" ಎಂದ ಪುಕ್ಕಲ.

"ಹಿಡಿಯಿಂದ ತಲೆಗೆ ಹೊಡೆದಿದ್ರಾ? ಹಾಗಾದ್ರೂ ಮರದ ಮೇಲೆ ಒಂದು ಗೀರು ಇರ್ಬೇಕಿತ್ತು." ಮುದುಕ ನಕ್ಕ. "ಕಾರ್ಖಾನೇಲಿ ಹಚ್ಚಿದ ಗ್ರೀಸೇ ಒಳಗೆ ಗಟ್ಟಿಯಾಗಿ ಕೂತಿದೆ. ಇದರಿಂದ ಇದುವರೆಗೂ ಒಂದು ಗುಂಡೂ ಹಾರಿಲ್ಲ. ಅದಕ್ಕೇ ಹೀಗೆ ಹೊಸ ಮದುಮಗಳ ಥರ ಇರೋದು!"

ಪುಕ್ಕಲನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮನೆಯವರೆಗೂ ಎದೆ ಸೆಟೆಸಿಕೊಂಡೇ ನಡೆದ. ಈ ಕಥೆಯ ಕರಡನ್ನು ಅರವತ್ತು ವರ್ಷದಿಂದ ಯಾರೂ ತಿದ್ದಿರಲಿಲ್ಲ. ಇವತ್ತು ತಿದ್ದುತ್ತೇನೆ, ಅದೂ ಎಲ್ಲರ ಮುಂದೆ ಎಂದುಕೊಂಡ.

ನಡುಮನೆಯಲ್ಲಿ ನೆಂಟರು ತುಂಬಿದ್ದರು. ಚಿಕ್ಕಪ್ಪ ತೂತಿಗೆ ಬೆರಳಿಟ್ಟು ಕಥೆಯ ಮಧ್ಯದಲ್ಲಿದ್ದರು. ಇವನ ಹೆಗಲ ಮೇಲಿನ ರೈಫಲ್ ಕಂಡದ್ದೇ ಮಾತು ನಿಂತಿತು.

"ಎಲ್ಲಿ ಸಿಕ್ತೋ?"

"ಅಟ್ಟದಲ್ಲಿ. ರಿಪೇರಿಯವನಿಗೆ ತೋರಿಸ್ಕೊಂಡು ಬಂದೆ."

"ಏನಂದ?"

ಅವರ ದನಿ ಎಷ್ಟು ಸಣ್ಣದಾಗಿತ್ತೆಂದರೆ ಪುಕ್ಕಲ ತಲೆಯೆತ್ತಿ ನೋಡಿದ. ಎಪ್ಪತ್ತೆಂಟರ ಮುದುಕ. ಕೆನ್ನೆ ಬಿಳಿಚಿಕೊಂಡಿತ್ತು, ಬೆರಳು ಇನ್ನೂ ತೂತಿನಲ್ಲೇ ಇತ್ತು. ಅಟ್ಟದಲ್ಲಿ ಬಚ್ಚಿಟ್ಟವರು ಯಾರೆಂದು ಅವನಿಗೆ ಆಗ ಹೊಳೆಯಿತು. ಆ ಮುಖದ ಭಯ ಅವನಿಗೆ ಹೊಸದೇನಲ್ಲ, ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುವುದೇ. ಅಯ್ಯೋ ಪಾಪ ಅನ್ನಿಸಿಬಿಟ್ಟಿತು. ಮಗಳು ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು.

"ನಳಿಗೆ ಪೂರ್ತಿ ಸವೆದಿದೆಯಂತೆ ಚಿಕ್ಕಪ್ಪ. ಬಹಳ ಕೆಲಸ ಮಾಡಿದ ಬಂದೂಕು ಅಂದ."

ಚಿಕ್ಕಪ್ಪನಿಗೆ ಹೋದ ಜೀವ ಬಂತು. ಬಂದದ್ದೇ ತಡ, ಗಂಟಲೂ ಬಂತು. "ಕೇಳಿದ್ರಾ? ನಾನು ಹೇಳ್ಲಿಲ್ವಾ! ಏ ಪುಕ್ಕಲ, ಕೊಡೋ ಇಲ್ಲಿ. ನಿನ್ನ ಕೈ ನಡುಗಿ ಎಲ್ಲಾದ್ರೂ ಬೀಳಿಸೀಯ!"

ಎಲ್ಲರೂ ನಕ್ಕರು, ಮಗಳೂ ನಕ್ಕಳು. ರೈಫಲ್ ಇಸಿದುಕೊಂಡ ಚಿಕ್ಕಪ್ಪನ ಎರಡೂ ಕೈ ಗಡಗಡ ನಡುಗುತ್ತಿದ್ದವು. ಯಾರಿಗೂ ಕಾಣದ ಹಾಗೆ ಪುಕ್ಕಲ ಅದರ ಕೆಳಗೆ ತನ್ನ ಕೈ ಕೊಟ್ಟು ನಿಂತ.