ಹಿಂದಿನ ಬಾಗಿಲು

ನೋಡಲು ಬಂದ ಗಂಡಿನ ಕಡೆಯವರು ಚಹಾ ಕುಡಿದು, "ಹುಡುಗಿ ಛಲೋ ಅದಾಳ್ರಿ. ಆದ್ರ ಯಾರ ಮಗಳಂತ ಗೊತ್ತಿಲ್ದ ಹೆಂಗ ಮಾಡ್ಕೋಬೇಕು?" ಎಂದು ಎದ್ದುಹೋದರು. ಶಿವಾನಿ ಕಪ್ಪು ತೊಳೆದಿಟ್ಟಳು. ಮರುದಿನ ಸುರಪುರದಿಂದ ಯಾದಗಿರಿಯ ಬಸ್ಸು ಹತ್ತಿದಳು.

ತಿಮ್ಮವ್ವ ಅವಳನ್ನು ಶಿಶುಗೃಹವೊಂದರಿಂದ ದತ್ತು ತಂದು ಸಾಕಿದವಳು. ಅದನ್ನೇನೂ ಮುಚ್ಚಿಟ್ಟಿರಲಿಲ್ಲ. ಗಂಡ ಚಂದ್ರಾಮಪ್ಪ ತೀರಿಕೊಂಡ ಮೇಲೂ ಒಬ್ಬಳೇ ಹೊಲಗೆಲಸಕ್ಕೆ ಹೋಗಿ ಮಗಳನ್ನು ಕಾಲೇಜಿನವರೆಗೆ ಓದಿಸಿದ್ದಳು. ಆದರೆ ಹೆತ್ತವಳ ಮಾತು ಬಂದರೆ ಮಾತ್ರ ಸಿಡುಕುತ್ತಿದ್ದಳು. "ಕಾಗದಾ ಎಲ್ಲಾ ಸೀಲ್ ಮಾಡಿ ಇಟ್ಟಾರ. ಯಾರಿಗೂ ತೋರಸೂದಿಲ್ಲ. ಸುಮ್ಮನ ಯಾಕ ಅಲೀತಿ?"

ಅದು ಸುಳ್ಳೂ ಆಗಿರಲಿಲ್ಲ. ಯಾದಗಿರಿಯ ಮಕ್ಕಳ ರಕ್ಷಣಾ ಕಚೇರಿಯ ನಸೀರುದ್ದೀನ ಸಾಹೇಬರು ಶಿವಾನಿಯನ್ನು ಕೂರಿಸಿ ಬಿಡಿಸಿ ಹೇಳಿದರು. "ಆ ಶಿಶುಗೃಹ ಮುಚ್ಚಿ ಭಾಳ ವರ್ಷ ಆತು ತಂಗಿ. ಅದರ ಫೈಲು ನಮ್ಮ ಹತ್ರ ಅದ. ಆದ್ರ ಹೆತ್ತಾಕಿ ಹೂಂ ಅಂದ್ರಷ್ಟ ಹೆಸರು ಹೇಳಾಕ ಬರ್ತದ. ಗುಟ್ಟಾಗಿ ಕೇಳಸ್ತೀನಿ. ಒಲ್ಲೆ ಅಂದ್ರ ನನ್ನ ಕೈಯಾಗ ಏನೂ ಇಲ್ಲ."

ಹೆತ್ತವಳು ಒಲ್ಲೆ ಎಂದಳು. ಶಿವಾನಿ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದಳು. ಈ ಸಲ ಬಂದ ಉತ್ತರ ಇನ್ನೂ ಒರಟಾಗಿತ್ತು: ನನಗೆ ಅಂಥ ಮಗಳೇ ಇಲ್ಲ. ಆ ಮಾತು ಕೇಳಿ ಶಿವಾನಿ ವಾರಗಟ್ಟಲೆ ಸರಿಯಾಗಿ ಉಣ್ಣಲಿಲ್ಲ. ಕಡೆಗೆ ಸಾಹೇಬರೇ ಖುದ್ದಾಗಿ ಆ ಹೆಂಗಸಿನ ಊರಿಗೆ ಹೋಗಿ ಬಂದರು. "ಮುಖಾ ನೋಡ್ತೀನಿ ಅಂದಾಳ, ಬರ್ರಿ" ಎಂದು ಫೋನು ಮಾಡಿದರು. ದನಿಯಲ್ಲಿ ಖುಷಿಯಿರಲಿಲ್ಲ.

ಹೊರಡುವ ದಿನ ತಿಮ್ಮವ್ವ ತಾನೂ ಸೀರೆ ಉಟ್ಟು ನಿಂತಳು. ಅವ್ವನ ಮನಸ್ಸು ಕೊನೆಗೂ ಮೆತ್ತಗಾಯಿತು ಎಂದುಕೊಂಡು ಶಿವಾನಿ ಅವಳ ಕೈ ಹಿಡಿದುಕೊಂಡಳು. ತಿಮ್ಮವ್ವ ಕೈ ಬಿಡಿಸಿಕೊಂಡು ಬಾಗಿಲಿಗೆ ಬೀಗ ಹಾಕಿದಳು.

ಕಚೇರಿಯಲ್ಲಿ ಹೆತ್ತವಳು, ಕೊಂಕಲ್ ಊರಿನ ಭೀಮಮ್ಮ, ಕುರ್ಚಿಯ ತುದಿಗೆ ಕೂತಿದ್ದಳು. ಶಿವಾನಿಯ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದಳು. "ನಮ್ಮವ್ವನ ಹಣಿ" ಎಂದು ಕೈ ಹಿಂದಕ್ಕೆ ಎಳೆದುಕೊಂಡಳು.

"ಯಾಕ ಕೊಟ್ಟಿ?" ಶಿವಾನಿ ಕೇಳಿದಳು. ಮೆತ್ತಗೆ ಕೇಳಬೇಕೆಂದುಕೊಂಡಿದ್ದಳು, ಆಗಲಿಲ್ಲ.

"ಗಂಡ ಬಿಟ್ಟುಹೋಗಿದ್ದ. ಎದಿಯಾಗ ಹಾಲಿರಲಿಲ್ಲ. ಹೆಬ್ಬಟ್ಟು ಒತ್ತು, ಎರಡ ತಿಂಗಳದಾಗ ಮನಸ್ಸು ತಿರುಗಿದ್ರ ವಾಪಸ್ ಒಯ್ಯಿ ಅಂದ್ರು ಶಿಶುಗೃಹದವರು. ತಿಂಗಳು ತುಂಬೂದ್ರಾಗ ಓಡಿ ಬಂದೆ. ಕೂಸು ಜ್ವರಾ ಬಂದು ಸತ್ತದ, ಮಣ್ಣು ಮಾಡೀವಿ ಅಂದ್ರು." ಭೀಮಮ್ಮ ಸಾಹೇಬರ ಕಡೆ ನೋಡಿದಳು. "ಇವ್ರು ಎರಡು ಸಲ ಹೇಳಿಕಳಿಸಿದ್ರ ನಾ ಏನನ್ಲಿ? ಸತ್ತ ಕೂಸಿನ ಹೆಸರಲೆ ಯಾರೋ ಆಟಾ ಆಡಾಕತ್ತಾರ ಅನ್ಕೊಂಡೆ."

"ಫೈಲಿನಾಗ ಸತ್ತದ್ದು ಎಲ್ಲೂ ಇಲ್ಲ" ಸಾಹೇಬರು ತಲೆ ಎತ್ತದೆ ಹೇಳಿದರು. "ಅವಧಿ ಮುಗಿಯೂಕಿಂತ ಮೊದಲ ಕೂಸಿನ್ನ ಕೊಟ್ಟುಬಿಟ್ಟಾರ."

ಆಗ ತಿಮ್ಮವ್ವನ ಬಾಯಿಂದ ಮಾತು ತಾನಾಗಿ ಜಾರಿತು. "ಅವತ್ತು ಗೇಟಿಗೆ ತಲಿ ಬಡಕೊಳ್ಳಾಕತ್ತಿದ್ದಾಕಿ ನೀನಾ?"

ಭೀಮಮ್ಮ ನಿಧಾನವಾಗಿ ಅವಳ ಕಡೆ ತಿರುಗಿದಳು. "ನೀ ಎಲ್ಲಿ ನೋಡಿದಿ?"

"ಒಳಗಿದ್ದೆ. ಯಾರೋ ಹುಚ್ಚಿ ಬಂದಾಳ, ನೀವು ಹಿಂದಿನ ಬಾಗಲಲೆ ಹೋಗ್ರಿ ಅಂದ್ರು."

"ಯಾಕ ಅಳಾಕತ್ತಾಳಂತ ಕೇಳಲಿಲ್ಲ?"

ತಿಮ್ಮವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಕೂಸು ನನ್ನ ಉಡಿಯಾಗಿತ್ತು. ಕೇಳಿದ್ರ ಇಸಕೋತಾರ ಅನಿಸ್ತು."

ಭೀಮಮ್ಮ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎನಿಸಿತು ಶಿವಾನಿಗೆ. ಆಕೆ ಎದ್ದು ಚಪ್ಪಲಿ ಮೆಟ್ಟಿದಳು. ಶಿವಾನಿ ಹಿಂದೆಯೇ ಹೋಗಿ, "ನನ್ನ ನಂಬರ್ ಇಟ್ಕೋ, ಆಗಾಗ ಮಾತಾಡೂಣು" ಎಂದಳು.

"ಬ್ಯಾಡ ತಂಗಿ. ಮನಸಿನಾಗ ನಿನ್ನ ಒಮ್ಮೆ ಮಣ್ಣು ಮಾಡೀನಿ. ಎಷ್ಟೋ ವರ್ಷ ಅತ್ತು ಮುಗಿಸೀನಿ. ಈಗ ನಿನ್ನ ನೋಡಿದ್ರ ಬರೇ ಸಿಟ್ಟು ಬರ್ತದ, ಮತ್ತೇನೂ ಬರವಲ್ದು."

ಮಗಳೇ ಎನ್ನಲಿಲ್ಲ, ತಂಗಿ ಎಂದಳು. ದಾರಿಯಲ್ಲಿ ಸಿಕ್ಕ ಯಾವ ಹುಡುಗಿಗೂ ಹಾಗೇ ಅನ್ನುತ್ತಿದ್ದಳೇನೋ.

ಊರಿಗೆ ಮರಳುವ ಬಸ್ಸು ಶಹಾಪುರದಲ್ಲಿ ನಿಂತಾಗ ತಿಮ್ಮವ್ವ ಕೇಳಿದಳು, "ಏನರೆ ತಿನ್ತಿಯೇನ?" ಶಿವಾನಿ ಎದ್ದುಹೋಗಿ ಮುಂದಿನ ಸೀಟಿನಲ್ಲಿ ಕೂತಳು. ತನ್ನನ್ನು ಕದ್ದವಳೂ ಇವಳೇ, ಜ್ವರ ಬಂದಾಗ ರಾತ್ರಿಯಿಡೀ ಹೆಗಲ ಮೇಲೆ ಹೊತ್ತು ತಿರುಗಿದವಳೂ ಇವಳೇ.

ಸುರಪುರದಲ್ಲಿ ತಿಮ್ಮವ್ವ ಮೊದಲು ಇಳಿದಳು. ಮಗಳು ಇಳಿಯುತ್ತಾಳೋ ಇಲ್ಲವೋ ಎಂದು ಬಾಗಿಲ ಹತ್ತಿರವೇ ನಿಂತು ನೋಡಿದಳು. ಶಿವಾನಿ ಇಳಿದಳು. ಇಳಿಯದೆ ಹೋಗಲು ಅವಳಿಗೆ ಬೇರೆ ಊರಿರಲಿಲ್ಲ.